8 ಗಂಟೆಗಿಂತ 24 ಗಂಟೆ ಓಡಿದರೆ ಕರೆಂಟ್ ಕಮ್ಮಿ! ಹೀಟ್ ಪಂಪ್‌ನ ಲೆಕ್ಕವೇ ಬೇರೆ

[ಶುರು: ನೇರ ಕ್ಯಾಮೆರಾಗೆ]

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಒಂದು ಪ್ರಶ್ನೆ ಕೆಲವು ದಿನಗಳಿಂದ ನನ್ನ ತಲೆ ತಿನ್ನುತ್ತಿದೆ. ಅವರು ಬರೆದಿದ್ದು ಹೀಗೆ: "ಚಳಿಗೆ ಅಂತ ಮನೆಗೆ ಹೀಟ್ ಪಂಪ್ ಹಾಕಿಸಿದ್ದೇವೆ. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ನಾಲ್ಕು ಗಂಟೆ ಓಡಿಸ್ತೀವಿ. ಮಿಕ್ಕ ಹೊತ್ತು ಆಫ್. ಫಿಟ್ ಮಾಡಿದವರು ಮಾತ್ರ, ದಿನವಿಡೀ ಆನ್ ಇಡಿ, ಬಿಲ್ ಇಳಿಯುತ್ತೆ ಅಂತಾರೆ. 8 ಗಂಟೆಗಿಂತ 24 ಗಂಟೆ ಕಮ್ಮಿ ಕರೆಂಟ್ ತಿನ್ನೋದು ಹೇಗೆ?"

ಒಳ್ಳೇ ಪ್ರಶ್ನೆ ಅಲ್ವಾ? ದೀಪ, ಫ್ಯಾನ್, ಗೀಸರ್, ಎಲ್ಲದಕ್ಕೂ ನಾವು ಚಿಕ್ಕಂದಿನಿಂದ ಕಲಿತ ಪಾಠ ಒಂದೇ: ಬೇಡದಾಗ ಆರಿಸು. ಆದರೆ ಆ ಫಿಟ್ ಮಾಡಿದವರು ಹೇಳಿದ್ದು ಸರಿ. ಎಲ್ಲ ಮನೆಗೂ ಅಲ್ಲ, ಆದರೆ ಬಹಳಷ್ಟು ಮನೆಗಳಿಗೆ ಸರಿ. ಅದು ಯಾಕೆ ಅಂತ ಗೊತ್ತಾದರೆ, ಹೀಟ್ ಪಂಪ್‌ನಿಂದ ಪೂರ್ತಿ ಲಾಭ ತೆಗೆಯೋದು ಹೇಗೆ ಅನ್ನೋದೂ ಗೊತ್ತಾಗುತ್ತದೆ.

[ಪರದೆ ಮೇಲೆ: ಫ್ರಿಜ್‌ನ ಹಿಂಭಾಗ]

ಮೂಲ ವಿಷಯ ಬೇಗ ಮುಗಿಸೋಣ. ಫ್ರಿಜ್ ಹಿಂದೆ ಕೈ ಇಟ್ಟು ನೋಡಿದ್ದೀರಾ? ಬೆಚ್ಚಗಿರುತ್ತದೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತಿದೆ. ಹೀಟ್ ಪಂಪ್ ಮಾಡುವುದೂ ಅದನ್ನೇ. ಹೊರಗಿನ ಗಾಳಿಯಿಂದ ಶಾಖ ಎತ್ತಿ, ಮನೆಯೊಳಗಿನ ರೇಡಿಯೇಟರ್ ನೀರಿಗೆ ಹಾಕುತ್ತದೆ. ರೇಡಿಯೇಟರ್ ಅಂದರೆ ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗೆ ಮಾಡುವ, ಗೋಡೆ ಪಕ್ಕದ ಕಬ್ಬಿಣದ ಫಲಕ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಅದಕ್ಕೇ ಒಂದು ಯೂನಿಟ್ ಕರೆಂಟ್ ಕೊಟ್ಟರೆ ಮೂರೋ ನಾಲ್ಕೋ ಯೂನಿಟ್ ಶಾಖ ಸಿಗುತ್ತದೆ. ಈ ಮೂರು, ನಾಲ್ಕು ಅನ್ನೋ ಸಂಖ್ಯೆಗೆ ಸಿಒಪಿ ಅಂತ ಹೆಸರು. ಇವತ್ತಿನ ವಿಡಿಯೋ ಪೂರ್ತಿ ಈ ಸಂಖ್ಯೆಯ ಬೆನ್ನು ಹತ್ತಿದ್ದು.

"ಹೊರಗೆ ಮಂಜು ಬೀಳ್ತಿದೆ, ಆ ಗಾಳಿಯಲ್ಲಿ ಶಾಖ ಎಲ್ಲಿಂದ ಬಂತು?" ಅಂತ ಕೇಳಬಹುದು. ನಮ್ಮ ಚರ್ಮಕ್ಕೆ ಸೊನ್ನೆ ಡಿಗ್ರಿ ಅಂದರೆ ಏನೂ ಉಳಿದಿಲ್ಲ ಅನ್ನಿಸುತ್ತದೆ. ಆದರೆ ಶಾಖ ನಿಜವಾಗಿ ಖಾಲಿಯಾಗುವುದು ಮೈನಸ್ 273 ಡಿಗ್ರಿಯಲ್ಲಿ. ಅಲ್ಲಿಂದ ಎಣಿಸುವ ಅಳತೆಯೇ ಕೆಲ್ವಿನ್. ಆ ಅಳತೆಯಲ್ಲಿ ನಿಮ್ಮ ಬೆಚ್ಚಗಿನ ಕೋಣೆ 293. ಮೈನಸ್ 20 ಡಿಗ್ರಿಯ ಕೊರೆಯುವ ಗಾಳಿ 253. ಇಷ್ಟೇ ವ್ಯತ್ಯಾಸ! ಈ ಅಳತೆಗೆ ಯಾರ ಹೆಸರು ಇದೆಯೋ ಆ ಲಾರ್ಡ್ ಕೆಲ್ವಿನ್, ಅಂದರೆ ವಿಲಿಯಂ ಥಾಮ್ಸನ್, 1852ರಲ್ಲೇ ಹೇಳಿದ್ದರು: ಇಂಧನ ಸುಟ್ಟು ನೇರವಾಗಿ ಮನೆ ಕಾಯಿಸುವುದಕ್ಕಿಂತ, ಅದೇ ಇಂಧನದಿಂದ ಯಂತ್ರ ಓಡಿಸಿ ಹೊರಗಿನ ಶಾಖ ಎತ್ತಿ ತಂದರೆ ಜಾಸ್ತಿ ಸಿಗುತ್ತದೆ ಅಂತ. ಮುಂದೆ ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್, ಎಬೆನ್‌ಸೇ ಎಂಬಲ್ಲಿನ ಉಪ್ಪಿನ ಕಾರ್ಖಾನೆಯಲ್ಲಿ ಇದೇ ತತ್ವದ ಯಂತ್ರ ಕಟ್ಟಿ ಪ್ರಯೋಗ ಮಾಡಿದರು. ಇದನ್ನು "ಹೊಸ ತಂತ್ರಜ್ಞಾನ" ಅಂತ ಕರೆಯುವಾಗಲೆಲ್ಲ ನನಗೆ ಈ ಇಬ್ಬರು ನೆನಪಾಗುತ್ತಾರೆ.

[ಪರದೆ ಮೇಲೆ: ಬಾವಿ, ರಾಟೆ, ಹಗ್ಗ, ಕೊಡ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಬಾವಿ ಕಲ್ಪಿಸಿಕೊಳ್ಳಿ. ನೀರು ಅಂದರೆ ಶಾಖ. ನೀರಿನ ಮಟ್ಟ ಅಂದರೆ ಹೊರಗಿನ ಗಾಳಿಯ ಉಷ್ಣತೆ. ಚಳಿ ಜಾಸ್ತಿ ಆದ ಹಾಗೆ ನೀರು ಆಳಕ್ಕೆ ಇಳಿಯುತ್ತದೆ. ಬಾವಿಕಟ್ಟೆಯ ಎತ್ತರ ಅಂದರೆ ರೇಡಿಯೇಟರ್‌ಗೆ ಕಳಿಸುವ ನೀರು ಎಷ್ಟು ಬಿಸಿ ಇರಬೇಕು ಅನ್ನೋದು. ನೀವು ಕೊಡ ಸೇದುತ್ತಿದ್ದೀರಿ. ಒಂದು ಕೊಡ ನೀರಿಗೆ ಎಷ್ಟು ಶ್ರಮ? ನೀರಿನ ಮಟ್ಟದಿಂದ ಕಟ್ಟೆಯವರೆಗೆ ಎಷ್ಟು ದೂರ ಇದೆಯೋ ಅಷ್ಟು. ನೀರು ಅದೇ, ಕೊಡ ಅದೇ. ಹಗ್ಗದ ಉದ್ದ ಮಾತ್ರ ಬೇರೆ.

ನೀರಿನ ಮಟ್ಟ ನಮ್ಮ ಕೈಲಿಲ್ಲ. ಹೊರಗಿನ ಚಳಿಯನ್ನು ಯಾರು ಬದಲಾಯಿಸ್ತಾರೆ? ಕಟ್ಟೆಯ ಎತ್ತರ ಮಾತ್ರ ನಮ್ಮ ಕೈಲಿದೆ. ಎಷ್ಟೋ ಮನೆಗಳಲ್ಲಿ ಕಟ್ಟೆಯನ್ನು ಸುಮ್ನೆ ಎತ್ತರಕ್ಕೆ ಕಟ್ಟಿ, ದಿನವೂ ಬೇಡದ ಹಗ್ಗ ಎಳೆಯುತ್ತಿದ್ದಾರೆ.

ಸಂಖ್ಯೆಯಲ್ಲಿ ನೋಡೋಣ. ಫ್ರಾನ್ಸಿನ ಸಾಡಿ ಕಾರ್ನೋ 1824ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಹೊರಟರೆ, ಯಾವ ಹೀಟ್ ಪಂಪೂ ದಾಟಲಾಗದ ಒಂದು ಮಿತಿ ಸಿಗುತ್ತದೆ. ಬಿಸಿ ಕಡೆಯ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಬರೆಯಿರಿ. ಎರಡು ಕಡೆಯ ವ್ಯತ್ಯಾಸದಿಂದ ಭಾಗಿಸಿ. ಹೊರಗೆ 0, ನೀರು 35 ಡಿಗ್ರಿ: 308ನ್ನು 35ರಿಂದ ಭಾಗಿಸಿದರೆ 8.8. ಹೊರಗೆ 0, ನೀರು 55 ಡಿಗ್ರಿ: 328ನ್ನು 55ರಿಂದ ಭಾಗಿಸಿದರೆ ಸುಮಾರು 6. ನಿಜವಾದ ಯಂತ್ರಗಳು ಈ ಮಿತಿಯ ಹತ್ತಿರ ಹತ್ತಿರ ಅರ್ಧದಷ್ಟು ಮುಟ್ಟುತ್ತವೆ. ಅಂದರೆ 35ರಲ್ಲಿ ಸುಮಾರು 4. 55ರಲ್ಲಿ ಸುಮಾರು 2.7. ಯಂತ್ರ ಅದೇ, ಚಳಿ ಅದೇ!

ಪೈಪಿನೊಳಗೆ ಇಣುಕಿದರೆ ಹಗ್ಗ ಕಣ್ಣಿಗೇ ಕಾಣುತ್ತದೆ. ಈಚಿನ ಹಲವು ಹೀಟ್ ಪಂಪ್‌ಗಳಲ್ಲಿ ಓಡುವ ಅನಿಲ ಪ್ರೊಪೇನ್. ಹೊರಗೆ 0 ಡಿಗ್ರಿ ಇರುವಾಗ ಅದು ಕಂಪ್ರೆಸರ್‌ಗೆ, ಅಂದರೆ ಅನಿಲವನ್ನು ಒತ್ತುವ ಭಾಗಕ್ಕೆ, 5 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಬರುತ್ತದೆ. 35 ಡಿಗ್ರಿಯಲ್ಲಿ ತನ್ನ ಶಾಖ ಬಿಟ್ಟುಕೊಟ್ಟು ದ್ರವ ಆಗಬೇಕಾದರೆ ಅದನ್ನು ಸುಮಾರು 12 ಬಾರ್‌ಗೆ ಒತ್ತಬೇಕು. 55 ಡಿಗ್ರಿಯಲ್ಲಿ ಆಗಬೇಕಾದರೆ 19 ಬಾರ್. ಆ 7 ಬಾರ್ ಹೆಚ್ಚಿನ ಒತ್ತಡವೇ ನಿಮ್ಮ ಬಿಲ್‌ನಲ್ಲಿ ಕಾಣಿಸೋದು.

ಬಾವಿಯ ಹೋಲಿಕೆ ಒಂದು ಕಡೆ ಸೋಲುತ್ತದೆ, ಸೋಲುವ ಜಾಗವೂ ಚಂದ. ಬಾವಿಯಲ್ಲಿ ಸೇದಿದ ಶ್ರಮ ಬೆವರಾಗಿ ಹೋಗುತ್ತದೆ. ಇಲ್ಲಿ ಕಂಪ್ರೆಸರ್ ಪಟ್ಟ ಶ್ರಮವೂ ಬಹುಪಾಲು ಶಾಖವಾಗಿ ರೇಡಿಯೇಟರ್ ಸೇರುತ್ತದೆ. ನಾಲ್ಕು ಕೊಡದಲ್ಲಿ ಮೂರು ಬಾವಿಯ ನೀರು, ನಾಲ್ಕನೆಯದು ನಿಮ್ಮ ಕೈಯ ಶ್ರಮವೇ ನೀರಾಗಿ ಬಂದದ್ದು. ಇದನ್ನು ಮೊದಲು ತಿಳಿದ ದಿನ ನಾನು ತುಂಬಾ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

[ಪರದೆ ಮೇಲೆ: ಎರಡು ಮನೆ, ಪಕ್ಕ ಪಕ್ಕ]

ಸರಿ, ಈಗ ಮೂಲ ಪ್ರಶ್ನೆಗೆ ಬರೋಣ. 8 ಗಂಟೆಯಾ, 24 ಗಂಟೆಯಾ?

ಒಂದು ಮನೆಗೆ ಚಳಿ ದಿನದಲ್ಲಿ 96 ಯೂನಿಟ್ ಶಾಖ ಬೇಕು ಅಂತ ಇಟ್ಟುಕೊಳ್ಳಿ. 24 ಗಂಟೆಯಲ್ಲಿ ಹಂಚಿದರೆ ಗಂಟೆಗೆ 4 ಯೂನಿಟ್. 8 ಗಂಟೆಯಲ್ಲೇ ತುಂಬಿಸಬೇಕಾದರೆ ಗಂಟೆಗೆ 12. ರೇಡಿಯೇಟರ್‌ಗಳು ಮಾತ್ರ ಅವೇ. ಅದೇ ಕಬ್ಬಿಣ ಮೂರು ಪಟ್ಟು ಶಾಖ ಬಿಡಬೇಕಾದರೆ ಒಳಗಿನ ನೀರು ಬಿಸಿಯಾಗಲೇಬೇಕು. ಕೋಣೆ 20 ಡಿಗ್ರಿ, ನೀರು 35 ಇದ್ದಾಗ ಅಂತರ 15. ಮೂರು ಪಟ್ಟು ಶಾಖಕ್ಕೆ ಅಂತರ ಸುಮಾರು 35 ಆಗಬೇಕು. ಅಂದರೆ ನೀರು 55 ಡಿಗ್ರಿ. ಈ ಎರಡು ಸಂಖ್ಯೆಗಳನ್ನು ಈಗ ತಾನೇ ನೋಡಿದೆವು ಅಲ್ವಾ?

ದಿನವಿಡೀ ಓಡಿದ ಮನೆ: 96ನ್ನು 4ರಿಂದ ಭಾಗಿಸಿ. 24 ಯೂನಿಟ್ ಕರೆಂಟ್. 8 ಗಂಟೆ ಓಡಿದ ಮನೆ: 96ನ್ನು 2.7ರಿಂದ ಭಾಗಿಸಿ. 35ಕ್ಕೂ ಜಾಸ್ತಿ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಆಫ್ ಇದ್ದಾಗ ಮನೆ ತಣ್ಣಗಾಗುತ್ತದೆ. ತಣ್ಣಗಿನ ಮನೆಯಿಂದ ಹೊರಗೆ ಸೋರುವ ಶಾಖವೂ ಕಮ್ಮಿ. ಹಾಗಾಗಿ 8 ಗಂಟೆಯ ಮನೆಗೆ ಪೂರ್ತಿ 96 ಬೇಕಾಗುವುದಿಲ್ಲ. ಆದರೆ ಆಟ ಸಮ ಆಗಬೇಕಾದರೆ ಆ ಉಳಿತಾಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇರಬೇಕು. ಗೋಡೆ, ಮಾಡು, ಕಿಟಕಿ ಸುಮಾರಾಗಿ ಭದ್ರವಿದ್ದರೆ ಮನೆ ಕೆಲವು ಗಂಟೆಯಲ್ಲಿ ಅಷ್ಟೊಂದು ತಣಿಯುವುದೇ ಇಲ್ಲ. ಶಾಖ ಬೇಗ ಸೋರಿಹೋಗುವ ಮನೆಯಲ್ಲಿ, ಅಥವಾ ದಿನಗಟ್ಟಲೆ ಮನೆಯಲ್ಲಿ ಯಾರೂ ಇಲ್ಲದಾಗ, ಲೆಕ್ಕ ಬೇರೆಯಾಗುತ್ತದೆ. ಊರಿಗೆ ಹೋಗುವಾಗ ಖಂಡಿತ ಇಳಿಸಿಯೇ ಹೋಗಿ.

ಗ್ಯಾಸ್ ಬಾಯ್ಲರ್‌ನಲ್ಲಿ ಬೆಂಕಿಗೆ ಈ ಬಾವಿಯ ಕಷ್ಟ ಇಲ್ಲ. ಅದಕ್ಕೇ ಅಲ್ಲಿ "ಬೇಕಾದಾಗ ಜೋರಾಗಿ ಹಾಕು, ಆಮೇಲೆ ಆರಿಸು" ಅನ್ನೋದು ನಡೆಯುತ್ತಿತ್ತು. ಆ ಅಭ್ಯಾಸ ಹೀಟ್ ಪಂಪ್‌ಗೂ ಅಂಟಿಕೊಂಡಿದೆ. ಬಹಳಷ್ಟು ಬಿಲ್‌ಗಳ ಗುಟ್ಟು ಇದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

[ಪರದೆ ಮೇಲೆ: ಕಂಟ್ರೋಲರ್‌ನ ಮೆನು, ಓರೆಯಾಗಿ ಇಳಿಯುವ ಗೆರೆ]

ಹಾಗಾದರೆ ಕಟ್ಟೆ ಇಳಿಸೋದು ಹೇಗೆ? ಕಂಟ್ರೋಲರ್‌ನ ಮೆನುವಿನಲ್ಲಿ ವೆದರ್ ಕಾಂಪನ್ಸೇಷನ್ ಅಥವಾ ಹೀಟಿಂಗ್ ಕರ್ವ್ ಅಂತ ಹುಡುಕಿ. ಹೊರಗೆ ಚಳಿ ಏರಿದ ಹಾಗೆ ನೀರನ್ನು ಸ್ವಲ್ಪ ಸ್ವಲ್ಪ ಬಿಸಿ ಮಾಡುವ, ಚಳಿ ಇಳಿದರೆ ತಾನಾಗಿ ತಗ್ಗಿಸುವ ಗೆರೆ ಅದು. ದಿನಕ್ಕೆ ತಕ್ಕ ಹಾಗೆ ಕಟ್ಟೆಯ ಎತ್ತರ! ಅದು ಆಫ್ ಇದ್ದರೆ ಮೊದಲು ಆನ್ ಮಾಡಿ. ಕಾರ್ಖಾನೆಯಿಂದ ಬಂದ ಗೆರೆಯನ್ನು ಹಾಗೇ ಬಿಡಬೇಡಿ. ಯಾರಿಂದಲೂ ಚಳಿ ಅಂತ ದೂರು ಬರಬಾರದು ಅಂತ ಅದನ್ನು ಸಾಮಾನ್ಯವಾಗಿ ಎತ್ತರಕ್ಕೇ ಇಟ್ಟಿರುತ್ತಾರೆ.

ನಾನು ಹೇಳುವ ವಿಧಾನಕ್ಕೆ ತಾಳ್ಮೆ ಬೇಕು, ಉಪಕರಣ ಏನೂ ಬೇಡ. ನೀವು ಇರುವ ಕೋಣೆಗಳ ರೇಡಿಯೇಟರ್ ವಾಲ್ವ್‌ಗಳನ್ನೆಲ್ಲ ಪೂರ್ತಿ ತೆರೆಯಿರಿ. ಗೋಡೆಯ ಥರ್ಮೋಸ್ಟಾಟನ್ನು ನಿಮಗೆ ಬೇಕಾದ್ದಕ್ಕಿಂತ ಒಂದೆರಡು ಡಿಗ್ರಿ ಮೇಲಿಡಿ, ಅದು ಸುಮ್ನೆ ಕಾವಲಿಗೆ. ಆಮೇಲೆ ಗೆರೆಯನ್ನು ಒಂದೆರಡು ಡಿಗ್ರಿ ಇಳಿಸಿ ಎರಡು ದಿನ ಬಿಡಿ. ಮನೆ ಬೆಚ್ಚಗೇ ಇದೆಯಾ? ಮತ್ತೆ ಇಳಿಸಿ. ಮನೆ ಎಲ್ಲಿ ಸಣ್ಣಗೆ ತಣ್ಣಗಾಗಲು ಶುರುವಾಗುತ್ತದೋ ಅಲ್ಲಿಂದ ಒಂದು ಡಿಗ್ರಿ ಮೇಲೆ. ಅದೇ ನಿಮ್ಮ ಮನೆಯ ಗೆರೆ. ಇಳಿಸಿದ ಪ್ರತಿ ಡಿಗ್ರಿಗೂ ಕರೆಂಟ್ ಸುಮಾರು 2ರಿಂದ 3 ಶೇಕಡ ಉಳಿಯುತ್ತದೆ.

ಒಂದು ಕೋಣೆ ಮಾತ್ರ ಬೆಚ್ಚಗಾಗದಿದ್ದರೆ, ಅದೊಂದಕ್ಕಾಗಿ ಇಡೀ ಮನೆಯ ನೀರು ಬಿಸಿ ಮಾಡಬೇಡಿ. ಆ ಕೋಣೆಯ ರೇಡಿಯೇಟರ್ ದೊಡ್ಡದು ಮಾಡಿ. ನನ್ನ ಪ್ರಕಾರ ಹೀಟ್ ಪಂಪ್ ಮೇಲೆ ಖರ್ಚು ಮಾಡುವ ಹಣದಲ್ಲಿ ಹೆಚ್ಚು ಫಲ ಕೊಡುವುದು ಇದೇ.

ರೇಡಿಯೇಟರ್ ಮುಟ್ಟಿದರೆ ಉಗುರು ಬೆಚ್ಚಗೆ ಮಾತ್ರ ಇರುತ್ತದೆ. "ಕೆಲಸವೇ ಮಾಡ್ತಿಲ್ಲ" ಅನ್ನಿಸಬಹುದು. 35 ಡಿಗ್ರಿ ಅಂದರೆ ನಿಮ್ಮ ಮೈಗಿಂತಲೂ ಕಮ್ಮಿ ಬಿಸಿ. ರೇಡಿಯೇಟರ್ ಬಿಡಿ, ಕೋಣೆಯ ಥರ್ಮಾಮೀಟರ್ ನೋಡಿ.

[ಪರದೆ ಮೇಲೆ: ಸಮಯ ಓಡುತ್ತಿರುವ ಗಡಿಯಾರ]

ಸಮಯ ಆಗ್ತಾ ಬಂತು. ಮಿಕ್ಕಿದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಬಳಸದ ಕೋಣೆಗಳನ್ನೆಲ್ಲ ಮುಚ್ಚುತ್ತಾ ಹೋದರೆ ಉಳಿದ ರೇಡಿಯೇಟರ್‌ಗಳಿಗೆ ಭಾರ ಬೀಳುತ್ತದೆ, ನೀರು ಮತ್ತೆ ಬಿಸಿಯಾಗಬೇಕಾಗುತ್ತದೆ. ಜೊತೆಗೆ, ಯಂತ್ರ ತಾನು ಇಳಿಯಬಹುದಾದ ಕನಿಷ್ಠಕ್ಕಿಂತಲೂ ಮನೆಗೆ ಕಮ್ಮಿ ಶಾಖ ಸಾಕಾದರೆ ಅದು ಪದೇ ಪದೇ ಆನ್ ಆಫ್ ಆಗುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಂಡವರಿಗೆ ಈ ತೊಂದರೆ ಜಾಸ್ತಿ. ಇನ್ನೂ ಕೊಂಡಿಲ್ಲದಿದ್ದರೆ, "ಇರಲಿ, ದೊಡ್ಡದೇ ಹಾಕೋಣ" ಅನ್ನುವ ಮಾತಿಗೆ ಒಪ್ಪಬೇಡಿ. ಯಂತ್ರಕ್ಕೂ ರೇಡಿಯೇಟರ್‌ಗೂ ಮಧ್ಯೆ ಬಫರ್ ಟ್ಯಾಂಕ್, ಅಂದರೆ ಬಿಸಿನೀರು ಕೂಡಿಡುವ ತೊಟ್ಟಿ ಇದ್ದು, ಅದರೊಳಗೆ ಹೋಗುವ ನೀರು, ವಾಪಸ್ ಬರುವ ನೀರು ಬೆರೆತರೆ, 40 ಡಿಗ್ರಿಯಲ್ಲಿ ಹೊರಟಿದ್ದು ರೇಡಿಯೇಟರ್‌ಗೆ 36 ಆಗಿ ತಲುಪಬಹುದು. ಆ ನಾಲ್ಕು ಡಿಗ್ರಿ ಹಗ್ಗ ಎಳೆದದ್ದು ದಂಡ. ಎರಡೂ ಕಡೆಯ ಪೈಪ್ ಬಿಸಿ ಅಳೆದು ನೋಡಲು ಫಿಟ್ ಮಾಡಿದವರಿಗೆ ಹೇಳಿ. ನೀರಿನ ಫಿಲ್ಟರ್ ಕಟ್ಟಿಕೊಂಡಿದೆಯಾ ಅಂತಲೂ ಆಗಲೇ ನೋಡಿಸಿ.

ಸ್ನಾನದ ನೀರಿಗೆ 60 ಡಿಗ್ರಿ ದಿನವೂ ಬೇಡ. 48, 50 ಸಾಕು. ಆದರೆ ಶ್ವಾಸಕೋಶದ ಕಾಯಿಲೆ ತರುವ ಲೀಜಿಯನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಬೆಳೆಯುತ್ತದೆ. ಅದಕ್ಕೇ ಆಗಾಗ 60ಕ್ಕೆ ಏರಿಸುವ ವ್ಯವಸ್ಥೆ ಯಂತ್ರದಲ್ಲೇ ಇರುತ್ತದೆ. ಉಳಿತಾಯ ಅಂತ ಅದನ್ನು ಆಫ್ ಮಾಡಬೇಡಿ. ಟ್ಯಾಂಕ್ ಕಾಯಿಸುವ ಹೊತ್ತನ್ನು ಮಧ್ಯಾಹ್ನಕ್ಕೆ ಇಡಿ. ಆಗ ಬಾವಿಯ ನೀರು ಮೇಲೆ ಇರುತ್ತದೆ.

ಹೊರಗಿನ ಪೆಟ್ಟಿಗೆಯ ಸುತ್ತ ಗಾಳಿಗೆ ಜಾಗ ಬಿಡಿ. ಊದಿದ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಬಾವಿ ಆಳವಾದಂತೆ. ಚಂದಕ್ಕೆ ಅಂತ ಅದಕ್ಕೆ ಗೂಡು ಕಟ್ಟಬೇಡಿ. ತೇವ ಇರುವ ಚಳಿಯಲ್ಲಿ ಅದರ ಮೇಲೆ ಹಿಮ ಕಟ್ಟುತ್ತದೆ. ಆಗ ಯಂತ್ರ ಸ್ವಲ್ಪ ಹೊತ್ತು ತಿರುಗುಮುರುಗಾಗಿ ಓಡಿ ಅದನ್ನು ಕರಗಿಸುತ್ತದೆ. ಬುಸ್ಸನೆ ಏಳುವುದು ಹೊಗೆ ಅಲ್ಲ, ಆವಿ. ಗಾಬರಿ ಬೇಡ.

ಕೊನೆಯದು. ಬಹಳಷ್ಟು ಯಂತ್ರಗಳಲ್ಲಿ ನೆರವಿಗೆ ಅಂತ ಒಂದು ಕರೆಂಟ್ ಹೀಟರ್ ಕಾಯಿಲ್ ಇರುತ್ತದೆ. ಅದರ ಲೆಕ್ಕ ಒಂದಕ್ಕೆ ಒಂದೇ, ಬಾವಿ ಇಲ್ಲ. ಅದು ಸದ್ದಿಲ್ಲದೆ ಓಡುತ್ತಿದ್ದರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ನೀರಲ್ಲಿ ಹೋಮ. ಇವತ್ತೇ ಮೆನು ತೆರೆದು, ಅದು ಯಾವ ಚಳಿಗೆ ಆನ್ ಆಗುತ್ತದೆ, ಇಲ್ಲಿಯವರೆಗೆ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಆ ಗಂಟೆಗಳ ಸಂಖ್ಯೆಯನ್ನು ಕೆಳಗೆ ಬರೆಯಿರಿ. ಜೊತೆಗೆ ನಿಮ್ಮ ರೇಡಿಯೇಟರ್ ನೀರಿನ ಉಷ್ಣತೆ ಎಷ್ಟು ಅನ್ನೋದನ್ನೂ ಬರೆಯಿರಿ. ನಾನು ಒಂದೊಂದನ್ನೂ ಓದುತ್ತೇನೆ.

[ಮುಗಿಯಿತು]