ಶರಾವತಿಯಿಂದ ಮಲ್ಪೆಯವರೆಗೆ: ಕೈಗೆಟುಕೋ ಖರ್ಚಲ್ಲಿ ದ್ವೀಪ ಸುತ್ತಾಟ

ಈಗ ಪರದೆ ಮೇಲೆ ಕಾಣ್ತಿರೋದು ಲಿಂಗನಮಕ್ಕಿ ಹಿನ್ನೀರು. ನೀರಿನ ಮಧ್ಯೆ ಅಲ್ಲಲ್ಲಿ ಹಸಿರು ಗುಡ್ಡೆಗಳಿವೆಯಲ್ಲ, ಅವೆಲ್ಲ ಒಂದು ಕಾಲಕ್ಕೆ ಬೆಟ್ಟದ ನೆತ್ತಿಗಳು. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ತುಂಬಿಕೊಂಡಾಗ ಊರು, ಗದ್ದೆ, ಅಡಿಕೆ ತೋಟ ಕೆಳಗೆ ಹೋದವು, ನೆತ್ತಿಗಳು ಮೇಲೆ ಉಳಿದವು. ನಾಡಿಗೆ ಕರೆಂಟು ಸಿಗಲಿ ಅಂತ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಕಚೇರಿ ಅಲೀತಿದ್ದಾರೆ. ಇಲ್ಲಿ ದೋಣಿ ಹತ್ತೋವಾಗ ಅಷ್ಟು ಗೊತ್ತಿರಲಿ.

ಇದೇ ಹೊಳೆ ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ ಹೊನ್ನಾವರ ಸೇರೋವಾಗ ಇನ್ನೊಂದು ಜಾತಿಯ ದ್ವೀಪ ಕಟ್ಟುತ್ತೆ. ಹೊಳೆ ಹೊತ್ತು ತಂದ ಮಣ್ಣು ಸಮುದ್ರದ ಉಬ್ಬರಕ್ಕೆ ಎದುರಾಗಿ ನಿಂತಲ್ಲೇ ಕೂತು ಆದ ಕುರ್ವೆಗಳವು. ಅಲ್ಲಿಂದ ದಕ್ಷಿಣಕ್ಕೆ ಮಲ್ಪೆಗೆ ಹೋದರೆ ಮೂರನೇ ಜಾತಿ, ಲಾವಾ ಗಟ್ಟಿಯಾಗಿ ಆದ ಕಲ್ಲಿನ ದ್ವೀಪ. ಅಂಡಮಾನಿಗೆ ಹೋಗೋ ದುಡ್ಡಿಲ್ಲ, ವಾರಕ್ಕೆ ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಗಿರ್ರ್ ಅಂತಿದೆ ಅನ್ನೋರಿಗೆ ಶಿವಮೊಗ್ಗದಿಂದ ಹೊರಟು ಮೂರು ದಿನದಲ್ಲಿ ಮುಗಿಸಬಹುದಾದ ಸುತ್ತು ಇದು.

ಮೊದಲು ತಿಂಗಳ ಮಾತು. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ 1819 ಅಡಿ. ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಅದರ ಆಸುಪಾಸಿಗೆ ಬರುತ್ತೆ. ಆಗ ದ್ವೀಪಗಳು ಚಿಕ್ಕವು, ಆದರೆ ಲೆಕ್ಕದಲ್ಲಿ ಜಾಸ್ತಿ. ನೀರು ಮರದ ಬುಡಕ್ಕೇ ತಾಗಿರುತ್ತೆ. ಆಮೇಲೆ ವಿದ್ಯುತ್ತಿಗೆ ನೀರು ಬಿಡ್ತಾ ಬಿಡ್ತಾ ಮಟ್ಟ ಇಳಿಯುತ್ತೆ. ಏಪ್ರಿಲ್, ಮೇ ಹೊತ್ತಿಗೆ ಎಷ್ಟೋ ದ್ವೀಪಗಳು ದಡಕ್ಕೆ ಅಂಟಿಕೊಂಡು ಮಾಮೂಲಿ ಗುಡ್ಡ ಆಗಿಬಿಡ್ತವೆ. ನೀರು ತೀರಾ ತಳ ಕಂಡ ವರ್ಷ 1948ರ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ಕಾಣುತ್ತೆ. ಅದನ್ನು ನೋಡಬೇಕು ಅಂದ್ರೆ ಬೇಸಿಗೆಗೇ ಹೋಗಿ, ಆದರೆ ಅದು ಬೇರೆ ಪ್ರವಾಸ. ಸಮುದ್ರದ ಕಡೆ ಜೂನ್‌ನಿಂದ ಮಳೆಗಾಲ ಮುಗಿಯೋವರೆಗೆ ಪ್ರವಾಸಿ ದೋಣಿ ಬಿಡಲ್ಲ. ಎರಡೂ ಕೂಡಿ ಬರೋದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಆಫೀಸಿನಲ್ಲಿ ರಜೆ ಕೇಳೋ ಮೊದಲು ನೀರಿನ ಮಟ್ಟ ನೋಡಿ. ಮಳೆಗಾಲದುದ್ದಕ್ಕೂ ಶಿವಮೊಗ್ಗದ ಪತ್ರಿಕೆಗಳಲ್ಲಿ ಅದು ದಿನಾ ಬರುತ್ತೆ.

ದುಡ್ಡಿನ ಲೆಕ್ಕ ನಿಂತಿರೋದು ರೂಮಿನ ಮೇಲಲ್ಲ, ದೋಣಿಯ ಮೇಲೆ. ದೋಣಿಯವರು ಸಾಮಾನ್ಯವಾಗಿ ಇಡೀ ದೋಣಿಗೆ ಇಷ್ಟು ಅಂತ ಹೇಳ್ತಾರೆ. ಉದಾಹರಣೆಗೆ 2400 ಅಂದ್ರು ಅಂತಿಟ್ಟುಕೊಳ್ಳಿ. ಮೂರು ಜನ ಇದ್ದರೆ ತಲೆಗೆ 800, ಆರು ಜನ ಆದ್ರೆ 400. ಏಳನೆಯವನು ಬಂದರೆ ಇನ್ನೂ ಅಗ್ಗ ಆಗುತ್ತೆ ಅಂತ ಲೆಕ್ಕ ಹಾಕಬೇಡಿ; ಆರು ಜನರ ದೋಣಿಗೆ ಏಳು ಜನ ಹತ್ತಿದರೆ ಅಂಚು ನೀರಿನ ಮಟ್ಟಕ್ಕೆ ಬರುತ್ತೆ, ಇಲ್ಲಾಂದ್ರೆ ಎರಡನೇ ದೋಣಿ ಮಾಡಬೇಕಾಗುತ್ತೆ. ಅದಕ್ಕೆ ಮೊದಲೇ ಫೋನ್ ಮಾಡಿ ದೋಣಿಗೆ ಎಷ್ಟು ಜನ ಅಂತ ಕೇಳಿ, ಆಮೇಲೆ ಗೆಳೆಯರನ್ನ ಕರೀರಿ. ‘ನೋಡೋಣ ಮಾರಾಯ, ಆದ್ರೆ ಬರ್ತೀನಿ’ ಅನ್ನೋ ಗಿರಾಕಿ ಪ್ರತಿ ಗುಂಪಿನಲ್ಲೂ ಒಬ್ಬ ಇರ್ತಾನೆ. ಅವನ ಪಾಲಿನ ಮುಂಗಡ ಬರೋವರೆಗೆ ಅವನನ್ನ ಲೆಕ್ಕಕ್ಕೆ ಹಿಡೀಬೇಡಿ.

ಬೆಂಗಳೂರಿನಿಂದ ಬರೋರಿಗೆ ರಾತ್ರಿ ಹೊರಡೋ ತಾಳಗುಪ್ಪ ರೈಲು ಅನುಕೂಲ. ಮಲಗಿ ಎದ್ದರೆ ಶಿವಮೊಗ್ಗ ದಾಟಿ ಸಾಗರ ಜಂಬಗಾರು. ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ, ಶುಕ್ರವಾರ ರಾತ್ರಿಯ ಸ್ಲೀಪರ್ ಬೇಗ ತುಂಬುತ್ತೆ. ಬಸ್ಸಾದರೆ ಒಂದು ಸೂಕ್ಷ್ಮ ಇದೆ. 2023ರ ಜೂನ್‌ನಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೆಟ್ ಉಚಿತ. ರಾಜಹಂಸ, ಸ್ಲೀಪರ್‌ಗಳಿಗೆ ಅದಿಲ್ಲ, ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ. ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ, ಮುಖ್ಯವಾಗಿ ತೀರ್ಥಹಳ್ಳಿ, ಆಗುಂಬೆ, ಉಡುಪಿ ಕಡೆ, ಓಡೋದು ಹೆಚ್ಚಾಗಿ ಖಾಸಗಿ ಬಸ್ಸೇ. ಗುಂಪಲ್ಲಿ ಹುಡುಗಿಯರಿದ್ದರೆ ಯಾವ ದಾರಿಗೆ ಯಾವ ಬಸ್ಸು ಅಂತ ನೋಡಿ ಬಜೆಟ್ ಮಾಡಿ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಕೈಯಲ್ಲಿರಲಿ.

ಮೊದಲ ದಿನ ಲಿಂಗನಮಕ್ಕಿ ಹಿನ್ನೀರಿನ ದಡದ ಹೊನ್ನೆಮರಡು. ಸಾಗರದಿಂದ ಜೋಗದ ದಾರಿ ಹಿಡಿದು ಒಳಗೆ ಹೋಗಬೇಕು, ಕೊನೆಯ ಭಾಗಕ್ಕೆ ಆಟೋನೇ ಗತಿ. ಆರು ಜನಕ್ಕೆ ಎರಡು ಆಟೋ, ಬಿಡೋಕೂ ಕರ್ಕೊಂಡು ಹೋಗೋಕೂ ಸೇರಿಸಿ ಒಂದೇ ಮಾತಲ್ಲಿ ದರ ಆಡಿಕೊಳ್ಳಿ. ಮಾರನೇ ದಿನ ಒಳಗಿಂದ ಆಟೋ ಕರೆಯೋಕೆ ನೆಟ್‌ವರ್ಕ್ ಸಿಗುತ್ತೆ ಅಂತ ನಂಬೋಕಾಗಲ್ಲ. ಹರಿಗೋಲು, ಕಯಾಕ್, ದ್ವೀಪದ ಮೇಲೆ ಟೆಂಟು, ಎಲ್ಲ ಅಲ್ಲಿ ತರಬೇತಾದ ತಂಡದ ಮೂಲಕವೇ. ಮುಂಚೆ ಮಾತಾಡಿಕೊಳ್ಳದೆ ದಡಕ್ಕೆ ಹೋಗಿ ನಿಂತರೆ ವಾಪಸ್ ಬರಬೇಕಾಗುತ್ತೆ. ನಾವೇ ಯಾವುದೋ ಮೀನುಗಾರರ ದೋಣಿ ಹಿಡಿದು ಖಾಲಿ ದ್ವೀಪಕ್ಕೆ ಹೋಗ್ತೀವಿ ಅನ್ನೋ ಯೋಚನೆ ಬಿಡಿ. ಹಿನ್ನೀರಿನ ಆಜೂಬಾಜು ಬಹುಪಾಲು ಅಭಯಾರಣ್ಯ, ಅನುಮತಿ ಇಲ್ಲದೆ ರಾತ್ರಿ ಉಳಿದರೆ ಅರಣ್ಯ ಇಲಾಖೆಯ ಕೇಸು ಮೈಮೇಲೆ ಬರುತ್ತೆ.

ಲೈಫ್ ಜಾಕೆಟ್ ಕೊಟ್ಟಾಗ ಸುಮ್ಮನೆ ತೊಟ್ಟುಕೊಳ್ಳಬೇಡಿ. ಬಕಲ್ ಎಲ್ಲ ಹಾಕಿ ಪಟ್ಟಿ ಎಳೆದು ಬಿಗಿ ಮಾಡಿ, ಆಮೇಲೆ ಗೆಳೆಯನಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತೋಕೆ ಹೇಳಿ. ಜಾಕೆಟ್ ಕಿವಿವರೆಗೆ ಏರಿದರೆ ಅದು ಸಡಿಲ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತೆ, ಮನುಷ್ಯ ಕೆಳಗೆ ಜಾರ್ತಾನೆ. ಹರಿಗೋಲಿಗೆ ಮೂತಿ ಇಲ್ಲ, ಬಾಲ ಇಲ್ಲ; ಒಬ್ಬರು ಒಂದು ಪಕ್ಕ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ಸುತ್ತುತ್ತೆ. ಹುಟ್ಟನ್ನು ಮುಂದೆ ಚಾಚಿ ನೀರನ್ನ ತಮ್ಮ ಕಡೆ ಎಳ್ಕೋಬೇಕು, ಉಳಿದವರು ಅಂಚಿಗೆ ಬೆನ್ನು ಕೊಟ್ಟು ತಳದಲ್ಲೇ ಸುತ್ತಲೂ ಕೂರಬೇಕು. ಫೋಟೋಗೆ ಅಂತ ಎಲ್ಲರೂ ಒಂದೇ ಕಡೆ ವಾಲಿದರೆ ಮಗುಚುತ್ತೆ. ಮಧ್ಯಾಹ್ನದ ಮೇಲೆ ಬಯಲು ನೀರಿನ ಮೇಲೆ ಗಾಳಿ ಎದ್ದು ಅಲೆ ಏಳುತ್ತೆ, ದ್ವೀಪಕ್ಕೆ ದಾಟೋ ಕೆಲಸ ಬೆಳಿಗ್ಗೆಯೇ ಮುಗಿಸಿ. ಮುಳುಗಿದ ಮರದ ಬೊಡ್ಡೆಗಳು ಇನ್ನೂ ನೀರೊಳಗೆ ನಿಂತಿವೆ, ಆದ್ದರಿಂದ ಗೊತ್ತಿಲ್ಲದ ಕಡೆ ದೋಣಿಯಿಂದ ಹಾರೋದು ಬೇಡ. ನೀರು ಇಳಿದ ದಡದಲ್ಲಿ ಕೆಂಪು ಮಣ್ಣು ಮೇಲೆ ಒಣಗಿದ ಹಾಗೆ ಕಂಡರೂ ಕಾಲಿಟ್ಟರೆ ಮೊಣಕಾಲವರೆಗೆ ಹೂತುಕೊಳ್ಳುತ್ತೆ. ಹುಲ್ಲು ಇರೋ ಜಾಗ ನೋಡಿ ಇಳೀರಿ.

ಟೆಂಟನ್ನು ನೀರಿನ ಗೆರೆಯಿಂದ ದೂರ, ಎತ್ತರಕ್ಕೆ ಹಾಕಿ. ಇಲ್ಲಿನ ದಡ ಇಳಿಜಾರು ಕಡಿಮೆ ಇರೋದು. ನೀರು ಒಂದಡಿ ಏರಿದರೆ ಗೆರೆ ಹತ್ತಾರು ಅಡಿ ಒಳಗೆ ಬಂದುಬಿಡುತ್ತೆ. ಜೋರು ಮಳೆಯಲ್ಲಿ ಒಂದೇ ದಿನಕ್ಕೆ ಅಡಿಗಟ್ಟಲೆ ಏರೋದೂ ಉಂಟು.

ಊಟಕ್ಕೆ ಒಲೆ ಹೂಡೋ ಉಸಾಬರಿ ಬೇಡ, ಒಣ ಎಲೆಯ ಕಾಡಲ್ಲಿ ಒಂದು ಕಿಡಿ ಸಾಕು. ಹಚ್ಚಿದ ಅವಲಕ್ಕಿ ಸಾಕಪ್ಪ ಸಾಕು. ಆರು ಜನಕ್ಕೆ ಮುಕ್ಕಾಲು ಕಿಲೋ ತೆಳು ಅವಲಕ್ಕಿ, ಒಂದು ದೊಡ್ಡ ತೆಂಗಿನಕಾಯಿ, ನೂರು ಗ್ರಾಂ ಪುಡಿ ಬೆಲ್ಲ, ಉಪ್ಪು. ಸಾಸಿವೆ, ಕಡಲೆಬೇಳೆ, ಶೇಂಗಾ, ಕರಿಬೇವು, ಇಂಗಿನ ಒಗ್ಗರಣೆಗೆ ಎರಡು ಚಮಚ ಸಾರಿನಪುಡಿ ಹಾಕಿ, ಆರಿದ ಮೇಲೆ ಡಬ್ಬಿಗೆ ತುಂಬಿ ಮನೆಯಿಂದಲೇ ತನ್ನಿ. ಕಾಯಿ ಮಾತ್ರ ತುರಿದು ತರಬೇಡಿ. ಚೀಲದೊಳಗಿನ ಸೆಕೆಗೆ ಸಂಜೆ ಹೊತ್ತಿಗೇ ಹಳಸುತ್ತೆ. ಇಡೀ ಕಾಯಿ ಒಯ್ದು ಅಲ್ಲೇ ಒಡೆದು ಕೈತುರಿಮಣೆಯಲ್ಲಿ ತುರೀರಿ. ಮೊದಲು ಕಾಯಿ, ಬೆಲ್ಲ, ಉಪ್ಪು ಸೇರಿಸಿ ಕೈಯಲ್ಲಿ ಹಿಚುಕಿ, ಕಾಯಿಹಾಲು ಬಿಟ್ಟು ಬೆರಳು ಒದ್ದೆ ಆದಮೇಲೆ ಒಗ್ಗರಣೆ ಹಾಕಿ, ಕೊನೆಗೆ ಅವಲಕ್ಕಿ. ನೀರು ಚಿಮುಕಿಸೋ ಅಗತ್ಯ ಇಲ್ಲ, ಚಿಮುಕಿಸಿದರೆ ಮುದ್ದೆ ಆಗುತ್ತೆ. ಹತ್ತು ನಿಮಿಷ ಮುಚ್ಚಿಟ್ಟು ತಿನ್ನಿ. ಜೊತೆಗೆ ಅಪ್ಪೆಮಿಡಿ ಇದ್ದರಂತೂ ಸ್ವರ್ಗ. ಕುಡಿಯೋ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಆರು ಜನ ಒಂದೂವರೆ ದಿನ ಅಂದ್ರೆ 36 ಲೀಟರ್, ಇಪ್ಪತ್ತು ಲೀಟರಿನ ಎರಡು ಕ್ಯಾನು. ಸುತ್ತ ನೀರೇ ಇದೆಯಲ್ಲ ಅಂತ ಹಿನ್ನೀರು ಕುಡಿಯೋಕೆ ಹೋಗಬೇಡಿ.

ಡಿಸೆಂಬರ್ ದಾಟಿದ ಮೇಲೆ ಬರೋರಿಗೆ ಒಂದು ಖಡಕ್ ಮಾತು: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾದದ್ದು. 2018-19ರಲ್ಲಿ ಇದೇ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಜೀವಗಳು ಹೋದವು. ಹರಡೋದು ಉಣುಗು. ಒಣ ತರಗೆಲೆ ಮೇಲೆ ಕಾಯ್ತಾ ಇರೋ ಮರಿ ಉಣುಗು ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನ ಸಾಕ್ಸ್ ಒಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚೋ ಉಣುಗು ನಿರೋಧಕ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾರ, ಹತ್ತು ದಿನದೊಳಗೆ ದಿಢೀರ್ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಸಾಗರದ ಕಾಡಿಗೆ ಹೋಗಿದ್ದೆ’ ಅಂತ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಕ್ಲಿನಿಕ್ಕಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯೋದು ಕಷ್ಟ. ಮಳೆಗಾಲದ ಉಂಬಳ ಇದರ ಮುಂದೆ ಏನೂ ಅಲ್ಲ, ಉಪ್ಪು ಹಾಕಿದರೆ ಉದುರುತ್ತೆ.

ಸಿಗಂದೂರು ಸೇರಿಸಬೇಕಾ ಅಂತ ಕೇಳಿದ್ರೆ, ದೇವಿ ದರ್ಶನಕ್ಕೆ ಸೇರಿಸಿ, ದ್ವೀಪದ ಆಸೆಗೆ ಅಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಕೇಬಲ್ ಆಧಾರದ ದೊಡ್ಡ ಸೇತುವೆ ಉದ್ಘಾಟನೆ ಆಯ್ತು. ಹೊಳೆಬಾಗಿಲಲ್ಲಿ ಲಾಂಚಿಗೆ ಕಾರಿನ ಸಾಲು ನಿಲ್ಲಿಸಿ ಗಂಟೆಗಟ್ಟಲೆ ಕಾಯೋ ಪಾಡು ಈಗಿಲ್ಲ. ಆಸ್ಪತ್ರೆಗೂ ಲಾಂಚೇ ಕಾಯಬೇಕಿದ್ದ ತುಮರಿ ಕಡೆಯವರಿಗೆ ಇದು ದಶಕಗಳ ಬೇಡಿಕೆ. ಲಾಂಚಿನ ಮಜಾ ಹೋಯ್ತು ಅಂತ ಪ್ರವಾಸಿಗರು ಗೊಣಗೋದು ನ್ಯಾಯ ಅಲ್ಲ.

ಎರಡನೇ ದಿನ ತಾಳಗುಪ್ಪ ಅಥವಾ ಜೋಗದಿಂದ ಹೊನ್ನಾವರದ ಬಸ್ಸು. ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಾಟಿ ಇಳಿಯುತ್ತೆ, ಹೊಟ್ಟೆ ತೊಳಸೋರು ಮುಂದಿನ ಸೀಟು ಹಿಡೀರಿ. ಹೊನ್ನಾವರದಲ್ಲಿ ಶರಾವತಿ ಅಗಲ ಎಷ್ಟು ಅನ್ನೋದಕ್ಕೆ ಕೊಂಕಣ ರೈಲ್ವೆ ಸೇತುವೆ ಸಾಕ್ಷಿ, ಎರಡು ಕಿಲೋಮೀಟರಿಗೂ ಜಾಸ್ತಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆಗೆ ದೋಣಿ ನುಗ್ಗಬೇಕು ಅಂದ್ರೆ ಉಬ್ಬರ ಬೇಕು. ಇಳಿತದಲ್ಲಿ ಹೋದರೆ ಕಾಲುವೆಯ ಬಾಯಲ್ಲೇ ತಿರುಗಿಸಿಕೊಂಡು ಬರ್ತಾರೆ, ದುಡ್ಡು ಮಾತ್ರ ಅಷ್ಟೇ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಜಾಸ್ತಿ. ‘ನಾಳೆ ನೀರು ಎಷ್ಟೊತ್ತಿಗೆ ಏರ್ತದೆ?’ ಅಂತ ದೋಣಿಯವರನ್ನೇ ಹಿಂದಿನ ದಿನ ಕೇಳಿ. ಏಡಿ ನೋಡೋ ಆಸೆ ಇದ್ದವರು ಇಳಿತದಲ್ಲಿ ಹೊನ್ನಾವರದ ಪಕ್ಕದ ಕಾಸರಕೋಡಿನ ಮರದ ಕಾಲುದಾರಿ ಮೇಲೆ ನಡೀರಿ. ಕೆಸರು ಬತ್ತಲಾಗಿ, ಮೇಲಕ್ಕೆ ಚಾಚಿದ ಉಸಿರುಬೇರುಗಳ ನಡುವೆ ಒಂದೇ ಕೈ ದಪ್ಪ ಇರೋ ಗಂಡು ಏಡಿ ಆ ಕೈ ಬೀಸ್ತಾ ನಿಂತಿರುತ್ತೆ. ಮುರ್ಡೇಶ್ವರದ ಆಚೆ ಸಮುದ್ರದಲ್ಲಿ ನೇತ್ರಾಣಿ ದ್ವೀಪ ಇದೆ, ಸ್ಕೂಬಾಗೆ ಹೆಸರುವಾಸಿ. ಆದರೆ ಅದೊಂದಕ್ಕೇ ಈ ಇಡೀ ಸುತ್ತಿನಷ್ಟು ಖರ್ಚು, ಬಜೆಟ್ ಪ್ರವಾಸಕ್ಕೆ ಅದು ಬೇಡ.

ಮೂರನೇ ದಿನ ಬೆಳಿಗ್ಗೆ ಉಡುಪಿ, ಅಲ್ಲಿಂದ ಮಲ್ಪೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ ಲಾವಾ. ಲಾವಾ ಆರಿ ಕುಗ್ಗುವಾಗ ಬಿರುಕು ಬಿಟ್ಟು ಐದು, ಆರು ಮುಖದ ಕಂಬಗಳಾದವು. ಮೊದಲ ದೋಣಿಗೇ ಹೋಗಿ. ಬೆಳಿಗ್ಗೆ ಸಮುದ್ರ ಶಾಂತ, ಮಧ್ಯಾಹ್ನ ಪಡುಗಾಳಿ ಬೀಸುತ್ತೆ, ಭಾನುವಾರದ ಸಾಲೂ ಬೆಳೆಯುತ್ತೆ. ವಾಂತಿ ಬರೋರು ಅರ್ಧ ಗಂಟೆ ಮೊದಲು ಮಾತ್ರೆ ತಗೊಂಡು, ದೋಣಿಯ ಮಧ್ಯದಲ್ಲಿ ಕೂತು, ಮೊಬೈಲ್ ಬಿಟ್ಟು ದೂರದ ಅಂಚನ್ನ ನೋಡ್ತಿರಿ. ನೀರು ತಾಗೋ ಕಂಬಗಳ ಮೇಲೆ ಪಾಚಿ ಇರುತ್ತೆ, ಅಲೆಗಳು ಚಿಕ್ಕ ಚಿಕ್ಕದಾಗಿ ಬಂದು ನಡುವೆ ದೊಡ್ಡದೊಂದು ಬಡಿಯುತ್ತೆ. ಒದ್ದೆ ಕಪ್ಪು ಬಣ್ಣ ಕಂಡಲ್ಲಿ ಹೆಜ್ಜೆ ನಿಲ್ಲಿಸಿ. ರಾತ್ರಿ ಉಳಿಯೋಕೆ ಬಿಡಲ್ಲ, ನೆರಳೂ ಕಡಿಮೆ. ಒಂದೂವರೆ ಗಂಟೆ ಧಾರಾಳ.

ಮಧ್ಯಾಹ್ನದ ಊಟ ಉಡುಪಿಯಲ್ಲಿ ಮುಗಿಸಿ ಎರಡು ಗಂಟೆ ಒಳಗೆ ಆಗುಂಬೆ ಮೇಲಿನ ಬಸ್ಸು ಹಿಡೀರಿ. 14 ತಿರುವಿನ ಘಾಟಿಗೆ ಸಣ್ಣ ಬಸ್ಸುಗಳೇ, ಸಂಜೆ ಆಗ್ತಿದ್ದಂತೆ ಸಂಖ್ಯೆ ಇಳಿಯುತ್ತೆ, ಭಾನುವಾರ ಸೀಟೂ ಸಿಗಲ್ಲ. ನೇರ ಬಸ್ಸು ತಪ್ಪಿದರೆ ತೀರ್ಥಹಳ್ಳಿವರೆಗೆ ಬನ್ನಿ, ಅಲ್ಲಿಂದ ಶಿವಮೊಗ್ಗಕ್ಕೆ ಬಸ್ಸು ಸಿಗುತ್ತೆ. ಬೆಂಗಳೂರಿನ ರಾತ್ರಿ ರೈಲಿಗೆ ಶಿವಮೊಗ್ಗದಿಂದಲೇ ಟಿಕೆಟ್ ಮಾಡಿಸಿ, ತಾಳಗುಪ್ಪದಿಂದಲ್ಲ. ನೀವು ಹತ್ತೋದು ಎಲ್ಲಿಂದ ಅನ್ನೋದು ಬುಕಿಂಗಲ್ಲಿ ಸರಿಯಾಗಿ ಇರದಿದ್ದರೆ ಸೀಟು ಇನ್ನೊಬ್ಬರ ಪಾಲಾಗುತ್ತೆ.