ತಡವಾಗಿ ಬರುವ ಓದುಗನಿಗೆ

ಕೇಳುಗರಿಗೆಲ್ಲ ನಮಸ್ಕಾರ.

ನಾನೊಂದು ಸಣ್ಣ ಪ್ರಕಾಶನ ನಡೆಸುತ್ತೇನೆ. ಗಂಡಸರನ್ನು ಪ್ರೀತಿಸುವ ಗಂಡಸರ ಕಥೆ, ಕಾದಂಬರಿಗಳನ್ನು ಹೊರತರುತ್ತೇವೆ. ಗೇ ಸಾಹಿತ್ಯ ಅಂತಾರಲ್ಲ, ಅದು. ನಾವು ಅಂದರೆ ಇಬ್ಬರೇ. ಹಸ್ತಪ್ರತಿ ಓದುವುದು, ತಿದ್ದುವುದು, ಲೆಕ್ಕ ಬರೆಯುವುದು, ಪಾರ್ಸೆಲ್ ಕಟ್ಟುವುದು ನನ್ನ ಪಾಲು. ಪುಟವಿನ್ಯಾಸ, ಮುಖಪುಟ, ಪ್ರೆಸ್ಸಿನ ಓಡಾಟ ನನ್ನ ಗೆಳೆಯನ ಪಾಲು. ವರ್ಷಕ್ಕೆ ಮೂರು ಪುಸ್ತಕ, ಹೆಚ್ಚೆಂದರೆ ನಾಲ್ಕು.

ಈ ಕೆಲಸದ ಬಗ್ಗೆ ಮಾತಾಡಿ ಅಂತ ಕರೆದಾಗ ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸಿದೆ. ಒಂದು ಲಕೋಟೆಯಿಂದ ಶುರು ಮಾಡುತ್ತೇನೆ.

ನಮ್ಮ ಮೊದಲ ವರ್ಷ. ಮೂರನೇ ಪುಸ್ತಕ ಬಂದಿತ್ತು. ಆ ಉತ್ಸಾಹದಲ್ಲಿ ಮೂರೂ ಪುಸ್ತಕಗಳ ಹೆಸರು, ಒಂದೊಂದಕ್ಕೂ ಎರಡು ಸಾಲಿನ ಪರಿಚಯ, ಎಲ್ಲವನ್ನೂ ಅಂಚೆ ಲಕೋಟೆಯ ಹಿಂಬದಿಯಲ್ಲೇ ಅಚ್ಚು ಮಾಡಿಸಿದೆ. ಖರ್ಚಿಲ್ಲದೆ ಪ್ರಚಾರ ಆಯಿತು ಅಂದುಕೊಂಡೆ. ಎರಡು ವಾರಕ್ಕೆ ಒಬ್ಬ ಓದುಗನಿಂದ ಪತ್ರ ಬಂತು. ಅವನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಪುಸ್ತಕ ತಲುಪಿತ್ತು. ಮನೆಯವರು ಲಕೋಟೆ ಒಡೆಯಲೇ ಇಲ್ಲ. ಹಿಂಬದಿ ಓದಿದ್ದೇ ಸಾಕಾಯಿತು. ಆಮೇಲೆ ಏನಾಯಿತು ಅಂತ ಅವನು ಬರೆದಿರಲಿಲ್ಲ. "ದಯವಿಟ್ಟು ಇನ್ನು ಈ ವಿಳಾಸಕ್ಕೆ ಏನೂ ಕಳಿಸಬೇಡಿ" ಅಂತ ಒಂದೇ ಸಾಲು. ನನ್ನನ್ನು ಬೈದಿರಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಉಳಿದ ಲಕೋಟೆಗಳನ್ನು ಅವತ್ತೇ ಹರಿದು ಹಾಕಿದೆವು. ಈಗ ನಮ್ಮ ಪಾರ್ಸೆಲ್ ಮೇಲೆ ಎರಡು ವಿಳಾಸ ಬಿಟ್ಟರೆ ಬೇರೇನೂ ಇರುವುದಿಲ್ಲ. ಪ್ರಕಾಶನದ ಹೆಸರನ್ನೂ ಬದಲಾಯಿಸಿದೆವು. ಕೇಳಿದರೆ ಯಾವ ಅರ್ಥವೂ ಹೊಳೆಯದ ಸಾದಾ ಹೆಸರು ಇಟ್ಟೆವು. ಓದುಗರ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಹೆಸರು ಹೇಗೆ ಕಾಣುತ್ತದೆ ಅಂತ ತಿಳಿಯಲು ನಮ್ಮದೇ ಪುಸ್ತಕವನ್ನು ನಾವೇ ದುಡ್ಡು ಕೊಟ್ಟು ಕೊಂಡು ನೋಡಿದೆವು. ಲೆಕ್ಕಕ್ಕೆ ಬೇಕಾದ ವಿವರ ಬಿಟ್ಟು ಮಿಕ್ಕ ವಿಳಾಸಗಳನ್ನೆಲ್ಲ ವರ್ಷಕ್ಕೊಮ್ಮೆ ಅಳಿಸುತ್ತೇವೆ. ಅಡುಗೆ ಪುಸ್ತಕ ಮಾರುವ ಪ್ರಕಾಶಕರಿಗೆ ಈ ಚಿಂತೆ ಇರುವುದಿಲ್ಲ. ನಮಗೆ ಇದು ಕಾಗದ, ಶಾಯಿಯಷ್ಟೇ ಮುಖ್ಯ. ಇಬ್ಬರು ಗಂಡಸರ ದೇಹಸಂಬಂಧ ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಅಪರಾಧ. ಕಾನೂನು ಬದಲಾದ ದೇಶದಲ್ಲೂ ಎಲ್ಲ ಮನೆಗಳೂ ಬದಲಾಗಿರುವುದಿಲ್ಲ, ಅಲ್ವಾ?

ಇಂಥ ಬರಹಕ್ಕೂ ಅಂಚೆಗೂ ಹಳೇ ನಂಟು, ಹಳೇ ಜಗಳ ಎರಡೂ ಇದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1953ರಲ್ಲಿ 'ಒನ್' ಅಂತ ಒಂದು ಪುಟ್ಟ ಪತ್ರಿಕೆ ಶುರುವಾಯಿತು. ಸಲಿಂಗಿಗಳಿಗಾಗಿ ಸಲಿಂಗಿಗಳೇ ನಡೆಸುತ್ತಿದ್ದ ಪತ್ರಿಕೆ. ಅದರ 1954ರ ಅಕ್ಟೋಬರ್ ಸಂಚಿಕೆಯನ್ನು ಅಲ್ಲಿನ ಅಂಚೆ ಅಧಿಕಾರಿ ಅಶ್ಲೀಲ ಅಂತ ತಡೆದರು. ಆಕ್ಷೇಪಿಸಿದ ಬರಹಗಳಲ್ಲಿ ಇಬ್ಬರು ಹೆಂಗಸರ ಪ್ರೀತಿಯ ಕಥೆಯೂ ಒಂದು. ಕೆಳಗಿನ ಎರಡು ಕೋರ್ಟುಗಳಲ್ಲಿ ಪತ್ರಿಕೆ ಸೋತಿತು. ಛಲ ಬಿಡದೆ ಮೇಲಕ್ಕೆ ಹೋದರು. 1958ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಚಿಕ್ಕ ಆದೇಶದಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ನನಗೆ ಈ ಜನರ ಮೇಲೆ ತುಂಬ ಗೌರವ. ಒಂದೇ ಒಂದು ಸಂಚಿಕೆಗಾಗಿ ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದರು.

ಅಂಚೆಯ ದಾರಿ ತೆರೆದ ಮೇಲೆ ಏನೇನಾಯಿತು ನೋಡಿ. 1973ರಲ್ಲಿ ನಯಾಡ್ ಪ್ರೆಸ್ ಶುರುವಾಯಿತು. ಅದು ಹೆಂಗಸರು ಹೆಂಗಸರನ್ನು ಪ್ರೀತಿಸುವ ಕಥೆಗಳ ಪ್ರಕಾಶನ. ಅವರಿಗೆ ದೊಡ್ಡ ಬಂಡವಾಳ ಇರಲಿಲ್ಲ. ಇದ್ದದ್ದು ನಿಂತುಹೋದ ಒಂದು ಪತ್ರಿಕೆಯ ಚಂದಾದಾರರ ವಿಳಾಸಪಟ್ಟಿ. ಅದನ್ನೇ ಹಿಡಿದು 30 ವರ್ಷ ನಡೆಸಿದರು. ಈಗಲೂ ನನ್ನಂಥವರಿಗೆ ಅವರೇ ಪಾಠ. ಯಾರು ಓದುತ್ತಾರೆ ಅಂತ ಮೊದಲು ಗೊತ್ತಿರಬೇಕು. ಪುಸ್ತಕ ಆಮೇಲೆ.

ಹಾಗಂತ ದಾರಿ ತೆರೆದೇ ಇರುತ್ತದೆ ಅಂತೇನಿಲ್ಲ. ಲಂಡನ್ನಿನಲ್ಲಿ 1979ರಲ್ಲಿ 'ಗೇಸ್ ದ ವರ್ಡ್' ಅಂತ ಒಂದು ಪುಸ್ತಕದಂಗಡಿ ಶುರುವಾಯಿತು. 1984ರ ಏಪ್ರಿಲ್‌ನಲ್ಲಿ ಕಸ್ಟಮ್ಸ್‌ನವರು ಅದರ ಮೇಲೆ ದಾಳಿ ಮಾಡಿದರು. ಹೊರದೇಶದಿಂದ ತರಿಸಿದ ಪುಸ್ತಕಗಳನ್ನು ಹೊತ್ತೊಯ್ದರು. ಹೂಡಿದ ಕೇಸಿಗೆ ಆಧಾರ, ಅಶ್ಲೀಲ ವಸ್ತುಗಳನ್ನು ಹೊರದೇಶದಿಂದ ತರಿಸಬಾರದು ಅನ್ನುವ 1876ರ ಕಸ್ಟಮ್ಸ್ ಕಾಯಿದೆ. ಓದುಗರು, ಬರಹಗಾರರು ದುಡ್ಡು ಸೇರಿಸಿ ಅಂಗಡಿಯ ಪರ ನಿಂತರು. 1986ರಲ್ಲಿ ಕೇಸು ಕೈಬಿಟ್ಟರು. ಆ ಅಂಗಡಿ ಇವತ್ತಿಗೂ ಇದೆ.

ಇನ್ನು ಹಸ್ತಪ್ರತಿಗಳ ವಿಷಯ. ನನಗೆ ತುಂಬ ಇಷ್ಟದ ಕೆಲಸ ಇದು, ತುಂಬ ಕಷ್ಟದ್ದೂ ಇದೇ. ನಮಗೆ ಬರುವ ಬರಹಗಳಲ್ಲಿ ಸಾವು ಜಾಸ್ತಿ. ಇಬ್ಬರು ಪ್ರೀತಿಸುತ್ತಾರೆ, ಕೊನೆಯ ಅಧ್ಯಾಯದಲ್ಲಿ ಒಬ್ಬ ಸಾಯುತ್ತಾನೆ. ಸಾವು ಬೇಡ ಅಂತ ನಾನು ಹೇಳುವುದಿಲ್ಲ. ಬದುಕಿನಲ್ಲಿ ನೋವಿದ್ದವರು ನೋವನ್ನೇ ಬರೆಯುತ್ತಾರೆ. ಆದರೆ ಲೇಖಕರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳುತ್ತೇನೆ: ಈ ಹುಡುಗ ಸತ್ತದ್ದು ಕಥೆಗೆ ಬೇಕಾಗಿಯಾ, ಅಥವಾ ಇಂಥ ಕಥೆ ಹೀಗೇ ಮುಗಿಯಬೇಕು ಅಂತ ನಿಮಗೆ ಯಾರೋ ಕಲಿಸಿದ್ದಾರಾ? ಕೆಲವರು ತುಂಬ ಹೊತ್ತು ಸುಮ್ಮನಿರುತ್ತಾರೆ.

ಅವರಿಗೆ ನಾನು ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ ವಿಷಯ ಹೇಳುತ್ತೇನೆ. ಅವರು 'ಮಾರಿಸ್' ಕಾದಂಬರಿಯನ್ನು ಬರೆದದ್ದು 1913-14ರಲ್ಲಿ. ಅದು ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಕೊನೆಯಲ್ಲಿ ಇಬ್ಬರು ಗಂಡಸರು ಒಟ್ಟಿಗೆ ಬಾಳುತ್ತಾರೆ. ಆ ಸುಖದ ಕೊನೆಯೇ ಪ್ರಕಟಣೆಗೆ ಅಡ್ಡಿ, ದುಃಖದಲ್ಲಿ ಮುಗಿಸಿದ್ದರೆ ತೊಂದರೆ ಇರುತ್ತಿರಲಿಲ್ಲ ಎಂಬರ್ಥದಲ್ಲಿ ಅವರೇ ಟಿಪ್ಪಣಿ ಬರೆದಿಟ್ಟರು. ಆ ಸುಖದ ಕೊನೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದನ್ನು ಓದಿ ಧೈರ್ಯ ತಂದುಕೊಳ್ಳಬಹುದಾಗಿದ್ದ ಎಷ್ಟು ಜನ ಆ ಐವತ್ತೇಳು ವರ್ಷಗಳಲ್ಲಿ ಬಂದು ಹೋಗಿರಬಹುದು! ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಸ್ತಪ್ರತಿಯಲ್ಲಿ ಇನ್ನೊಂದು ವಿಷಯವನ್ನು ತುಂಬ ಹುಷಾರಾಗಿ ನೋಡುತ್ತೇನೆ. ಒಮ್ಮೆ ಒಬ್ಬ ಹೊಸ ಲೇಖಕರು ಒಂದು ಕಾದಂಬರಿ ಕೊಟ್ಟರು. ಮದುವೆಯಾದ ಒಬ್ಬನ ಜೊತೆಗಿನ ಹಳೆಯ ಪ್ರೀತಿಯ ಕಥೆ. ಬರವಣಿಗೆ ಅಷ್ಟು ಚೆನ್ನಾಗಿತ್ತು, ಒಂದೇ ರಾತ್ರಿ ಓದಿ ಮುಗಿಸಿದೆ. ಆದರೆ ಆ ಮನುಷ್ಯನ ಕೆಲಸ, ಅವನ ಮಕ್ಕಳ ಸಂಖ್ಯೆ, ಹುಬ್ಬಿನ ಮೇಲಿನ ಗಾಯದ ಗುರುತು, ಎಲ್ಲವೂ ಅದರಲ್ಲಿತ್ತು. "ಇವರು ಬದುಕಿದ್ದಾರಾ?" ಅಂತ ಕೇಳಿದೆ. ಇದ್ದಾರೆ ಅಂದರು. "ನೀವು ಬರೆದಿರುವುದು ಅವರಿಗೆ ಗೊತ್ತಾ?" ಇಲ್ಲ. ಅಲ್ಲಿಂದ ನಾಲ್ಕು ತಿಂಗಳು ಕೂತು ಆ ಗುರುತುಗಳನ್ನು ಒಂದೊಂದಾಗಿ ಬದಲಾಯಿಸಿದೆವು. ನಡುವೆ ಲೇಖಕರಿಗೆ ಸಿಟ್ಟು ಬಂತು. ಸತ್ಯ ಕೆಡುತ್ತಿದೆ ಅಂದರು. ನಾನು ಹೇಳಿದೆ, "ನಿಮ್ಮ ವಿಷಯ ನೀವು ಹೇಳಿಕೊಂಡಿದ್ದೀರಿ. ಅವರು ಹೇಳಿಕೊಂಡಿಲ್ಲ. ಅವರ ಪರವಾಗಿ ನಾವು ಹೇಳುವ ಹಾಗಿಲ್ಲ." ಮಾನನಷ್ಟದ ಕೇಸಿನ ಭಯವೂ ಇತ್ತು, ನಿಜ. ಆದರೆ ಕೇಸಿನ ಭಯ ಇಲ್ಲದಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ. ಒಂದು ಲಕೋಟೆ ಏನು ಮಾಡಬಲ್ಲದು ಅಂತ ನೋಡಿದವನು ನಾನು. ಇನ್ನು ಇನ್ನೂರು ಪುಟ ಏನು ಮಾಡಲಾರದು?

ಹಾಸಿಗೆಯ ದೃಶ್ಯಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಗಂಡು ಹೆಣ್ಣಿನ ಕಾದಂಬರಿಯಲ್ಲಿ ಇರುವಂತೆ ಇಲ್ಲೂ ಕಥೆಗೆ ಬೇಕಿದ್ದರೆ ಇರುತ್ತವೆ. ಅಷ್ಟೇ.

ದುಡ್ಡಿನ ಮಾತಿಗೆ ಬರೋಣ. ಒಂದು ಪುಸ್ತಕದ ಬೆಲೆ ನೂರು ಅಂತ ಇಟ್ಟುಕೊಳ್ಳಿ. ಅದರಲ್ಲಿ 40ರಿಂದ 55ರವರೆಗೆ ಅಂಗಡಿಗೆ, ವಿತರಕರಿಗೆ ಹೋಗುತ್ತದೆ. ನಾವು ಲೇಖಕರಿಗೆ 10 ಕೊಡುತ್ತೇವೆ. ಉಳಿದದ್ದರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಪ್ರೂಫ್ ನೋಡುವವರು, ಗೋದಾಮು ಎಲ್ಲ ಆಗಬೇಕು. ಅದರ ಮೇಲೆ ರಿಟರ್ನ್ ಅನ್ನುವ ಪದ್ಧತಿ ಬೇರೆ. ಮಾರಾಟವಾಗದ ಪ್ರತಿಗಳನ್ನು ಅಂಗಡಿಯವರು ವಾಪಸ್ ಕಳಿಸಬಹುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ, ಅಂಗಡಿಯವರು ಧೈರ್ಯವಾಗಿ ಪುಸ್ತಕ ತರಿಸಲಿ ಅಂತ ಅಮೆರಿಕದ ಪ್ರಕಾಶಕರು ಇದನ್ನು ರೂಢಿಗೆ ತಂದರು. ಕುಸಿತ ಮುಗಿದರೂ ಪದ್ಧತಿ ಉಳಿಯಿತು. ದೊಡ್ಡವರು ತಡೆದುಕೊಳ್ಳುತ್ತಾರೆ. ನಮ್ಮಂಥವರಿಗೆ ಆರು ತಿಂಗಳ ನಂತರ ನಾಲ್ಕು ಪೆಟ್ಟಿಗೆ ವಾಪಸ್ ಬಂದರೆ ಮುಂದಿನ ಪುಸ್ತಕದ ದುಡ್ಡು ಅಲ್ಲೇ ಹೋಯಿತು.

ಆಫ್‌ಸೆಟ್ ಮುದ್ರಣದಲ್ಲಿ ಪುಟಗಳನ್ನು ಅಚ್ಚೊತ್ತುವ ಪ್ಲೇಟ್ ಮಾಡಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಾಗಾಗಿ ಜಾಸ್ತಿ ಹಾಕಿಸಲು ಮನಸ್ಸು ಎಳೆಯುತ್ತದೆ. ನಾವು ಮೊದಲು 300 ಪ್ರತಿ ಹಾಕಿಸುತ್ತೇವೆ. ಅದು ಮುಗಿದ ಮೇಲೆ ಕೇಳಿದಾಗ ಕೇಳಿದಷ್ಟೇ ಪ್ರತಿ ಅಚ್ಚು ಮಾಡುವ ವ್ಯವಸ್ಥೆಗೆ ಕೊಡುತ್ತೇವೆ. ಪ್ರತಿಯೊಂದಕ್ಕೆ ಖರ್ಚು ಜಾಸ್ತಿ, ಲಾಭ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪುಸ್ತಕ ಸಿಗದ ಹಾಗೆ ಆಗುವುದಿಲ್ಲ. ನಮ್ಮ ಮೊದಲ ಪುಸ್ತಕ ಕಳೆದ ವರ್ಷ ಹನ್ನೊಂದು ಪ್ರತಿ ಹೋಯಿತು. ಆ ಹನ್ನೊಂದು ಜನರಲ್ಲಿ ಒಬ್ಬರು ಬರೆದರು: ಪುಸ್ತಕ ಬಂದ ವರ್ಷವೇ ಅದರ ಹೆಸರು ಬರೆದಿಟ್ಟುಕೊಂಡಿದ್ದೆ, ಕೊಳ್ಳಲು ಧೈರ್ಯ ಬಂದದ್ದು ಈಗ. ಅವರಿಗೆ ಈಗ ಅರವತ್ತು ದಾಟಿದೆ. ಬೇರೆ ಪುಸ್ತಕಗಳ ಓದುಗರು ಬಿಡುಗಡೆಯ ತಿಂಗಳಲ್ಲೇ ಬರುತ್ತಾರೆ. ನಮ್ಮ ಓದುಗರಲ್ಲಿ ಅನೇಕರು ತಡವಾಗಿ ಬರುತ್ತಾರೆ. ಅವರು ಬಂದಾಗ 'ಪ್ರತಿಗಳು ಮುಗಿದಿವೆ' ಅಂತ ಹೇಳುವ ಹಾಗಾಗಬಾರದು. ನಾನು ಈ ಕೆಲಸ ಮಾಡುತ್ತಿರುವುದೇ ಅದಕ್ಕೆ.

ಆ ತಡವಾದ ಓದುಗ ಹಿಂದೆ ಅಂಗಡಿಗೆ ಹೋಗುತ್ತಿದ್ದ. ನ್ಯೂಯಾರ್ಕಿನಲ್ಲಿ 1967ರಲ್ಲಿ ಕ್ರೇಗ್ ರಾಡ್‌ವೆಲ್ ಅನ್ನುವವರು ಲೇಖಕ ಆಸ್ಕರ್ ವೈಲ್ಡ್ ಹೆಸರಿನಲ್ಲಿ ಇಂಥ ಪುಸ್ತಕಗಳದೇ ಒಂದು ಅಂಗಡಿ ತೆರೆದರು. ಹಾಗೆ ಊರೂರಲ್ಲಿ ಅಂಗಡಿಗಳು ಹುಟ್ಟಿದವು. ಬಾಗಿಲ ಹತ್ತಿರ ನಿಂತು ತಡವರಿಸುವವನ ಮುಖ ನೋಡಿಯೇ ಯಾವ ಪುಸ್ತಕ ಕೊಡಬೇಕು ಅಂತ ಗೊತ್ತಿದ್ದ ಜನ ಅಲ್ಲಿ ಕೂತಿರುತ್ತಿದ್ದರು. ನ್ಯೂಯಾರ್ಕಿನ ಆ ಅಂಗಡಿ 2009ರಲ್ಲಿ ಮುಚ್ಚಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ 57,000ಕ್ಕೂ ಹೆಚ್ಚು ಪುಸ್ತಕಗಳ ಮಾರಾಟದ ಶ್ರೇಣಿ ಮಾಯವಾಯಿತು. ಅವುಗಳಲ್ಲಿ ಗೇ, ಲೆಸ್ಬಿಯನ್ ಪುಸ್ತಕಗಳು ಬಹಳ ಇದ್ದವು. ಶ್ರೇಣಿ ಹೋದರೆ ಹುಡುಕುವವರಿಗೆ ಪುಸ್ತಕ ಕಾಣುವುದೇ ಕಷ್ಟ. ಪಟ್ಟಿಯಲ್ಲಿ ಆದ ತಪ್ಪು ಅಂತ ಕಂಪನಿ ಹೇಳಿತು, ಸರಿ ಮಾಡಿತು. ನಮಗೂ ಹೀಗೆ ಆಗಿದೆ. ಇಬ್ಬರು ಗಂಡಸರು ಕೋಟು ತೊಟ್ಟು ಭುಜಕ್ಕೆ ಭುಜ ತಾಗಿಸಿ ನಿಂತಿರುವ ಮುಖಪುಟವನ್ನು ಒಂದು ಆನ್‌ಲೈನ್ ಅಂಗಡಿ ವಯಸ್ಕರ ವಿಭಾಗಕ್ಕೆ ತಳ್ಳಿತು. ಸರಿಪಡಿಸಲು ಮೂರು ವಾರ ಬೇಕಾಯಿತು. ಬಿಡುಗಡೆಯ ಮೂರು ವಾರ ಅವು.

ಕೊನೆಯದಾಗಿ ಹಕ್ಕುಗಳ ವಿಷಯ. ಇದನ್ನು ಹೇಳದೆ ಹೋದರೆ ನನಗೆ ಸಮಾಧಾನ ಇರುವುದಿಲ್ಲ.

1980ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಏಳು ಜನ ಗೇ ಬರಹಗಾರರು ಒಬ್ಬರಲ್ಲ ಒಬ್ಬರ ಮನೆಯಲ್ಲಿ ಸೇರಿ ತಮ್ಮ ಬರಹವನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ವಯಲೆಟ್ ಕ್ವಿಲ್ ಅಂತ ಆ ಗುಂಪಿನ ಹೆಸರು. ಅವರಲ್ಲೊಬ್ಬರಾದ ಫೆಲಿಸ್ ಪಿಕಾನೊ 1977ರಲ್ಲೇ ಸೀಹಾರ್ಸ್ ಪ್ರೆಸ್ ಅಂತ ಸಣ್ಣ ಪ್ರಕಾಶನ ಶುರು ಮಾಡಿದ್ದರು. 1981ರಲ್ಲಿ ಅದು ಇನ್ನೆರಡು ಪುಟ್ಟ ಪ್ರಕಾಶನಗಳ ಜೊತೆ ಸೇರಿಕೊಂಡಿತು. ಎಲ್ಲ ಚಿಗುರುತ್ತಿದ್ದ ಕಾಲ. ಆಗ ಏಡ್ಸ್ ಬಂತು. 1988ರಿಂದ 1990ರ ಒಳಗೆ ಆ ಏಳರಲ್ಲಿ ನಾಲ್ಕು ಜನ ತೀರಿಕೊಂಡರು.

ಬರಹಗಾರ ಸತ್ತ ಮೇಲೂ ಕೃತಿಯ ಹಕ್ಕು ಬದುಕಿರುತ್ತದೆ, ಅನೇಕ ದೇಶಗಳಲ್ಲಿ 70 ವರ್ಷ. ಉಯಿಲು ಇಲ್ಲದಿದ್ದರೆ ಅದು ಕಾನೂನು ಒಪ್ಪುವ ಗಂಡ ಹೆಂಡತಿಗೆ, ಇಲ್ಲವೇ ರಕ್ತಸಂಬಂಧಿಗಳಿಗೆ ಹೋಗುತ್ತದೆ. ಜೊತೆಗೆ ಬಾಳಿದ, ಆಸ್ಪತ್ರೆಯಲ್ಲಿ ಪಕ್ಕ ಕೂತಿದ್ದ ಸಂಗಾತಿಗೆ ಆ ಕಾಲದ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಈಗಲೂ ಎಷ್ಟೋ ಕಡೆ ಇಲ್ಲ. ಮಗನ ಪುಸ್ತಕ ಮತ್ತೆ ಅಚ್ಚಾಗುವುದು ಬೇಡ ಅಂತ ಮನೆಯವರು ಅಂದರೆ ಮುಗಿಯಿತು.

ಅದಕ್ಕೇ ನಮ್ಮ ಕರಾರಿನ ಕೊನೆಯ ಪುಟದಲ್ಲಿ 'ನನ್ನ ನಂತರ' ಅಂತ ಒಂದು ಭಾಗ ಇದೆ. ತನ್ನ ಪುಸ್ತಕದ ಬಗ್ಗೆ ತೀರ್ಮಾನ ಮಾಡಬೇಕಾದವರ ಹೆಸರನ್ನು ಲೇಖಕರು ಅಲ್ಲಿ ಬರೆಯಬೇಕು. ಅದನ್ನೇ ಉಯಿಲಿನಲ್ಲೂ ಬರೆಸಿ ಅಂತ ಒತ್ತಾಯಿಸುತ್ತೇನೆ. ಬೇರೆ ಹೆಸರಿನಲ್ಲಿ ಬರೆಯುವವರಾದರೆ ಅವರು ತೀರಿಕೊಂಡ ಮೇಲೆ ನಿಜವಾದ ಹೆಸರು ಹೇಳಬಹುದೋ ಬೇಡವೋ ಅಂತಲೂ ಬರೆಯಬೇಕು. ನಮ್ಮ ಪ್ರಕಾಶನವೇ ನಿಂತರೆ ಹಕ್ಕು, ಪುಟವಿನ್ಯಾಸದ ಫೈಲುಗಳು ಎಲ್ಲ ಲೇಖಕರಿಗೆ ವಾಪಸ್ ಅಂತ ನಾವೂ ಬರೆದುಕೊಡುತ್ತೇವೆ.

ಹೋದ ವಾರ ಒಂದು ಹೊಸ ಕರಾರು ಸಹಿಯಾಗಿ ಬಂತು. ಎಪ್ಪತ್ತು ದಾಟಿದ ಲೇಖಕರು, ಇದು ಅವರ ಮೊದಲ ಕಾದಂಬರಿ. ಎಲ್ಲ ತುಂಬಿದ್ದರು, ಆ ಭಾಗ ಖಾಲಿ ಬಿಟ್ಟಿದ್ದರು. ಫೋನ್ ಮಾಡಿದೆ. "ಬರೆಯುವುದಕ್ಕೆ ಯಾರೂ ಇಲ್ಲವಲ್ಲ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ, "ನಿಮ್ಮ ಹೆಸರು ಬರೆಯಬಹುದಾ?" ಅಂತ ಕೇಳಿದರು. ಪ್ರಕಾಶಕರ ಹೆಸರು ಅಲ್ಲಿ ಬರೆಯುವುದು ಸರಿಯಲ್ಲ ಅಂತ ಹೇಳಿದೆ. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ, ಕರಾರು ತೆಗೆದುಕೊಂಡು. ಇಬ್ಬರೂ ಕೂತು ಯೋಚಿಸುತ್ತೇವೆ.

ನಮಸ್ಕಾರ.