ಒಂದು ಮಗುವಿನ ತೂಕ, ಇಪ್ಪತ್ತೈದು ಮಕ್ಕಳ ಸರಾಸರಿ

ಕೇಳುಗರಿಗೆ ನಮಸ್ಕಾರ.

ಅಂಗನವಾಡಿಯಲ್ಲಿ ಮಗುವನ್ನು ತೂಗಿ, ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕಿ ಇಡುವುದನ್ನು ನೋಡಿರುತ್ತೀರಿ. ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮಕ್ಕಳು ತಲೆ ಕೆರೆದುಕೊಳ್ಳುವ ಝಡ್ ಸ್ಕೋರ್, ಅಂದರೆ ಒಂದು ಅಳತೆ ನಡುವಿನಿಂದ ಎಷ್ಟು ಮೆಟ್ಟಿಲು ಮೇಲೆ ಅಥವಾ ಕೆಳಗಿದೆ ಎಂಬ ಲೆಕ್ಕ, ಅಲ್ಲೇ, ಆ ಪಟ್ಟಿಗಳೊಳಗೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಒಂದು ಮಾನದಂಡ ಕೊಟ್ಟಿತು. ನಮ್ಮ ಕಡೆಯಿಂದ ದಕ್ಷಿಣ ದೆಹಲಿಯ ಮಕ್ಕಳಿದ್ದರು. ಅದರಂತೆ ಎರಡು ವರ್ಷ ತುಂಬಿದ ಹೆಣ್ಣುಮಗುವಿನ ನಟ್ಟನಡುವಿನ ತೂಕ 11.5 ಕಿಲೋ. ಅಲ್ಲಿ ಝಡ್ ಸೊನ್ನೆ. 10.2 ಕಿಲೋ ಎಂದರೆ ಮೈನಸ್ ಒಂದು, 9 ಕಿಲೋ ಮೈನಸ್ ಎರಡು, 8.1 ಮೈನಸ್ ಮೂರು. ಮೈನಸ್ ಎರಡರ ಕೆಳಗೆ ಹಳದಿ, ಮೂರರ ಕೆಳಗೆ ಕಿತ್ತಳೆ. ಮೆಟ್ಟಿಲುಗಳು ಒಂದೇ ಎತ್ತರವಿಲ್ಲ, ಗಮನಿಸಿದಿರಾ? ತೂಕದ ಹಂಚಿಕೆ ಎರಡೂ ಕಡೆ ಸಮನಾಗಿರುವುದಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಪಠ್ಯದ ಸೂತ್ರ ಇನ್ನೂ ಸರಳ: ಅಳತೆಯಿಂದ ಸರಾಸರಿ ಕಳೆಯಿರಿ, ಮಾನಕ ವಿಚಲನೆಯಿಂದ, ಅಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂದು ಹೇಳುವ ಸಂಖ್ಯೆಯಿಂದ, ಭಾಗಿಸಿ.

ಮೈನಸ್ ಒಂದು ಬಂದರೆ ತಾಯಿ ಗಾಬರಿಪಡಬೇಕಿಲ್ಲ. ಮಾನದಂಡದ ಮಕ್ಕಳಲ್ಲೇ ನೂರಕ್ಕೆ ಸುಮಾರು ಹದಿನಾರು ಮಂದಿ ಅದಕ್ಕಿಂತ ಕೆಳಗಿರುತ್ತಾರೆ.

ಈಗ ಒಂದು ಊರಿನ 25 ಮಕ್ಕಳ ಝಡ್ ಕೂಡಿಸಿ ಸರಾಸರಿ ತೆಗೆದೆವು ಅನ್ನಿ. ಮೈನಸ್ ಅರ್ಧ ಬಂತು. ಒಂದೇ ಮಗುವಿಗೆ ಮೈನಸ್ ಅರ್ಧ ಬಂದಿದ್ದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಇದು ಸರಾಸರಿ. ಒಬ್ಬರು ಕೆಳಗಿದ್ದರೆ ಇನ್ನೊಬ್ಬರು ಮೇಲಿದ್ದು ಸರಿದೂಗಿಸಬೇಕಿತ್ತು.

ಇಲ್ಲಿಂದಲೇ ಪರೀಕ್ಷೆ ಶುರು. ಈ ಊರಿನ ಮಕ್ಕಳಿಗೂ ಮಾನದಂಡಕ್ಕೂ ವ್ಯತ್ಯಾಸವೇ ಇಲ್ಲ ಎಂದು ಮೊದಲು ಒಪ್ಪಿಕೊಳ್ಳೋಣ. ಇದೇ ಶೂನ್ಯ ಕಲ್ಪನೆ. ಹಾಗಿದ್ದರೆ ಒಂದೊಂದು ಮಗುವಿನ ಝಡ್ ಸೊನ್ನೆಯ ಅತ್ತಿತ್ತ ಸಾಮಾನ್ಯವಾಗಿ ಒಂದರಷ್ಟು ಆಡುತ್ತದೆ, ಆದರೆ 25 ಮಕ್ಕಳ ಸರಾಸರಿ ಆಡುವುದು ಒಂದರಷ್ಟಲ್ಲ. ಒಂದನ್ನು 25ರ ವರ್ಗಮೂಲ ಐದರಿಂದ ಭಾಗಿಸಿದಷ್ಟು, ಅಂದರೆ 0.2. ಮೈನಸ್ ಅರ್ಧವನ್ನು ಅದರಿಂದ ಭಾಗಿಸಿದರೆ ಮೈನಸ್ ಎರಡೂವರೆ; ಇದಕ್ಕೂ ಝಡ್ ಎಂದೇ ಹೆಸರು. ಬರೀ ಅದೃಷ್ಟದಿಂದ ಸರಾಸರಿ ಇಷ್ಟು ಕೆಳಗಿಳಿಯುವುದು ಸಾವಿರಕ್ಕೆ ಸುಮಾರು ಆರು ಸಲ. ನೂರಕ್ಕೆ ಐದು ಎಂಬ ರೂಢಿಯ ಗಡಿ ಇಟ್ಟುಕೊಂಡರೆ ಶೂನ್ಯ ಕಲ್ಪನೆಯನ್ನು ಕೈಬಿಡಬೇಕು. ನಾಲ್ಕೇ ಮಕ್ಕಳ ಸರಾಸರಿಯಾಗಿದ್ದರೆ ಅದೇ ಅರ್ಧಕ್ಕೆ ಮೈನಸ್ ಒಂದಷ್ಟೇ ಬರುತ್ತಿತ್ತು, ಸುಮ್ಮನಿರಬೇಕಾಗಿತ್ತು. ಎರಡು ಬೇರೆ ಕೆಲಸಕ್ಕೆ ಒಂದೇ ಝಡ್ ಅಕ್ಷರ ಬಳಸುತ್ತೇವಲ್ಲ, ವಿದ್ಯಾರ್ಥಿಗಳ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ.

ಆ ಸಾವಿರಕ್ಕೆ ಆರು ಎಂಬುದು ಶೂನ್ಯ ಕಲ್ಪನೆ ನಿಜವಾಗಿರುವ ಸಾಧ್ಯತೆಯಲ್ಲ. ಅದು ನಿಜವೆಂದು ಇಟ್ಟುಕೊಂಡ ಮೇಲೆ ಸಿಕ್ಕ ಲೆಕ್ಕ. ಓದಿದವರೂ ಇಲ್ಲಿ ಎಡವುತ್ತಾರೆ.

ಕಾರಣವನ್ನಂತೂ ಝಡ್ ಹೇಳುವುದೇ ಇಲ್ಲ. ಊಟ ಸಾಲದೆ ಇರಬಹುದು, ಭೇದಿ ಹರಡಿರಬಹುದು. ಜ್ವರ ಬಂದ ಮಕ್ಕಳನ್ನೇ ಆರಿಸಿ ತೂಗಿದ್ದರೂ ಸೂತ್ರ ಮರುಮಾತಿಲ್ಲದೆ ಉತ್ತರ ಕೊಡುತ್ತದೆ. ತೂಕದ ಯಂತ್ರವೇ ಆರುನೂರು ಗ್ರಾಂ ಕಡಿಮೆ ತೋರಿಸುತ್ತಿದ್ದರೆ ಎರಡು ವರ್ಷದ ಮಗುವಿನ ಝಡ್ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ; ನಮ್ಮ ಊರಿನ ಪೂರ್ತಿ ವ್ಯತ್ಯಾಸ ಅಷ್ಟೇ ಇತ್ತು. ಹಾಗಾಗಿ ವರ್ಗಮೂಲಕ್ಕೆ ಕೈಹಾಕುವ ಮೊದಲು ಆ ಯಂತ್ರದ ಮೇಲೆ ಐದು ಕಿಲೋದ ಬಟ್ಟು ಇಟ್ಟು ನೋಡಿ.

ನಮಸ್ಕಾರ.